ಕೊನೆಯ ಥಾರ್ನ್‌ಸೈಕ್

ಕಲ್ಲು ಇರಲಿಲ್ಲ.

ಕಾಡಂಚಿನಲ್ಲಿ ಅದು ಇದ್ದ ಜಾಗದಲ್ಲಿ ಒಂದು ಕುಳಿ ಇತ್ತು. ಒಳಗಿನ ಮಣ್ಣು ಇನ್ನೂ ಹಸಿಯಾಗಿತ್ತು. ಆಲ್ಟನ್ ಥಾರ್ನ್‌ಸೈಕ್ ತಮ್ಮ ಊರುಗೋಲನ್ನು ಕುಳಿಯೊಳಗೆ ಇಳಿಸಿ ಆಡಿಸಿ ನೋಡಿದರು. ಕಲ್ಲು ಎಲ್ಲಾದರೂ ಕೆಳಗೆ ಕುಸಿದಿದೆಯೇನೋ ಎಂಬ ಆಸೆ. ಇಲ್ಲ. ಹಾಗೇ ಮರಕ್ಕೆ ಒರಗಿ ಕುಳಿತುಬಿಟ್ಟರು. ಎಂಬತ್ತು ದಾಟಿದ ಮನುಷ್ಯ. ಭಾನುವಾರದ ಚರ್ಚ್ ಮುಗಿಸಿ ನೇರ ಬಂದಿದ್ದರು, ಮೈಮೇಲೆ ಕೋಟು ಟೈ ಹಾಗೇ ಇತ್ತು.

ಪೊಲೀಸರಿಗೆ ಹೇಳಿದ ಮೇಲೆ ಅವರು ಫೋನ್ ಮಾಡಿದ್ದು ಲುಬ್ನಾ ಶಫೀವುಲ್ಲಾಗೆ. ಲುಬ್ನಾ ಏಪೆಕ್ಸ್ ಊರಿನ ಒಂದು ವಾರಪತ್ರಿಕೆಯ ವರದಿಗಾರ್ತಿ. ಮೈಸೂರಿನವಳು. ಆ ಕಾಡಂಚಿಗೆ ತಾಗಿದ ಬಡಾವಣೆಯಲ್ಲೇ ಅವಳ ಮನೆ. ಆಗಸ್ಟ್ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಅವಳು ಬಂದಾಗ ಪೊಲೀಸ್ ಡೆಪ್ಯುಟಿ ಆಗಲೇ ಬಂದು ಫೋಟೊ ತೆಗೆಯುತ್ತಿದ್ದ.

"ಹಳೇ ಕಲ್ಲು ಮೇಡಮ್. ಯಾರೋ ತೋಟದ ಅಲಂಕಾರಕ್ಕೆ ಹೊತ್ತುಕೊಂಡು ಹೋಗಿರಬಹುದು."

"ಅದು ಸಮಾಧಿ ಕಲ್ಲು," ಎಂದಳು ಲುಬ್ನಾ.

"ಸಮಾಧಿ ಎನ್ನುವುದಕ್ಕೇ ಆ ಕಲ್ಲು ಬೇಕಲ್ಲ?" ಎಂದ ಅವನು. ಕೆಟ್ಟ ಮನುಷ್ಯನಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಜಾತಿ.

ಅವಳು ಬಗ್ಗಿ ನೋಡಿದಳು. ಕುಳಿಯ ಅಂಚಿನಿಂದ ಮಣ್ಣಲ್ಲಿ ಒಂದು ಗಾಲಿಯ ಗುರುತು. ಒಂದೇ ಗಾಲಿ. ಅದು ರಸ್ತೆಯ ಕಡೆಗೆ ಹೋಗಿರಲಿಲ್ಲ, ಮನೆಗಳ ಕಡೆಗೆ ಹೋಗಿ ಹುಲ್ಲಲ್ಲಿ ಮಾಯವಾಗಿತ್ತು. ಕುಳಿಯ ಪಕ್ಕದ ಒಣ ಎಲೆಗಳ ಮೇಲೆ ಏನೋ ಹಳದಿ ಮೆತ್ತಿತ್ತು. ಹಿಂದಿನ ರಾತ್ರಿಯ ಮಳೆಗೆ ಕದಡಿ ಹೋಗಿತ್ತು.

"ಸರ್ವೇಯವರ ಬಣ್ಣ," ಎಂದ ಡೆಪ್ಯುಟಿ. ಅವಳೂ ಹಾಗೇ ಅಂದುಕೊಂಡಳು. ಕಾಡಿನಾಚೆ ಬುಲ್ಡೋಜರ್ ಬಂದು ನಿಂತು ಬಹಳ ದಿನವಾಗಿತ್ತು.

* * *

ಕಲ್ಲಿನ ಹಿಂದಿದ್ದ ಕಥೆ ಇದು.

ಕಾಡಂಚಿನ ಆ ತುಂಡು ಜಾಗದಲ್ಲಿ ಮಳೆನೀರು ನಿಲ್ಲುವ ಒಂದು ಕೊಳ ತೋಡಬೇಕೆಂದು ಮನೆ ಕಟ್ಟುವ ಕಂಪನಿ ಅರ್ಜಿ ಹಾಕಿತ್ತು. ಅದು ನಮ್ಮವರ ಸಮಾಧಿಭೂಮಿ ಎಂದು ಆಲ್ಟನ್ ತಕರಾರು ಹೂಡಿದ್ದರು. ಅಲ್ಲಿದ್ದ ಬಾಕಿ ಕಲ್ಲುಗಳೆಲ್ಲ ಬರೀ ಕಾಡುಗಲ್ಲು. ಗುಲಾಮರಾಗಿದ್ದವರಿಗೆ ಅಮೃತಶಿಲೆ ಎಲ್ಲಿಂದ ಬರಬೇಕು? ಕೆತ್ತನೆ ಇದ್ದದ್ದು ಒಂದೇ ಒಂದು ಕಲ್ಲಿನಲ್ಲಿ. ಊರಲ್ಲಿ ಅದನ್ನು 'ಹೆಸರಿನ ಕಲ್ಲು' ಎನ್ನುತ್ತಿದ್ದರು. ಇದನ್ನು ತೀರ್ಮಾನಿಸಲು ಮುಂದಿನ ವಾರ ಊರಿನ ಸಮಿತಿ ಕೂರುವುದಿತ್ತು. ಆ ಕಲ್ಲೊಂದೇ ಸಾಕ್ಷಿ.

"ಒಂದಾದರೂ ಫೋಟೊ ಇಲ್ವಾ, ಮಿಸ್ಟರ್ ಥಾರ್ನ್‌ಸೈಕ್?" ಲುಬ್ನಾ ಕೇಳಿದಳು. ಅವರ ಮನೆಯ ಮುಂಜಗಲಿಯಲ್ಲಿ ಇಬ್ಬರೂ ಕುಳಿತಿದ್ದರು.

"ಮುತ್ತಜ್ಜಿಯ ಗೋರಿಯ ಫೋಟೊ ಯಾರಮ್ಮ ತೆಗೆಯುತ್ತಾರೆ? ಮುತ್ತಾತನೇ ಕೆತ್ತಿ ನೆಟ್ಟ ಕಲ್ಲು. ಅದು ಎಲ್ಲಿಗೂ ಹೋಗುವುದಿಲ್ಲ ಅಂದುಕೊಂಡಿದ್ದೆ." ಅವರ ಫೋನು ಮಡಚುವ ಹಳೆಯ ಫೋನು.

"ಈ ಹೆಸರು ಬೇರೆಲ್ಲೂ ಕೇಳೇ ಇಲ್ಲ ನಾನು."

"ಕೇಳೋದಿಲ್ಲ. ಇಂಗ್ಲೆಂಡಿಂದ ಒಂದೇ ಕುಟುಂಬ ತಂದ ಹೆಸರು. ಅವರು ನಮ್ಮ ಯಜಮಾನರು. ಗಂಡು ಮಕ್ಕಳಿಲ್ಲದೆ ಆ ವಂಶ ನಿಂತುಹೋಯಿತು. ಇಂಗ್ಲೆಂಡಿನಲ್ಲೂ ಈಗ ಯಾರೂ ಇಲ್ಲವಂತೆ. ಉಳಿದವರು ನಾವು, ಕರಿಯರು ಮಾತ್ರ. ನಾವೂ ಈಗ ಬೆರಳೆಣಿಕೆ."

"ಸ್ವಾತಂತ್ರ್ಯ ಸಿಕ್ಕ ಮೇಲೂ ಯಜಮಾನನ ಹೆಸರು ಯಾಕೆ ಇಟ್ಟುಕೊಂಡರು?"

ಆಲ್ಟನ್ ಊರುಗೋಲನ್ನು ಪಕ್ಕಕ್ಕೆ ಒರಗಿಸಿದರು. "ನನ್ನ ಮುತ್ತಾತ ಸೈಲಸ್‌ಗೂ ಬೇರೆಯವರು ಅದನ್ನೇ ಹೇಳಿದರಂತೆ. ವಾಷಿಂಗ್ಟನ್ ಅಂತಲೋ ಫ್ರೀಮನ್ ಅಂತಲೋ ಇಟ್ಟುಕೋ, ಆ ಪಾಪಿಯ ಹೆಸರು ನಿನಗ್ಯಾಕೆ ಅಂತ. ಅವನು ಒಪ್ಪಲಿಲ್ಲ. ಅವನ ತಂಗಿಯನ್ನು ಜಾರ್ಜಿಯಾಕ್ಕೆ ಮಾರಿದ್ದರು. ಅವಳಿಗೆ ಗೊತ್ತಿದ್ದದ್ದು ಇದೊಂದೇ ಹೆಸರು. ಇಂಥ ಹೆಸರು ಹಿಡಿದು ಹುಡುಕಿದರೆ ಸಿಗದೇ ಇರುತ್ತೇನೆಯೇ ಅಂದನಂತೆ."

"ಅವಳು ಬಂದಳಾ?"

"ಬರಲಿಲ್ಲ. ಅವನು ಸಾಯುವ ತನಕ ಕಾದ." ಆಮೇಲೆ ಅವರೇ ಮಾತು ತಿರುಗಿಸಿದರು. "ನಿಮ್ಮ ಹೆಸರು?"

"ಶಫೀವುಲ್ಲಾ ನಮ್ಮ ಅಪ್ಪನ ಹೆಸರು. ನಮ್ಮ ಕಡೆ ತುಂಬ ಜನಕ್ಕೆ ಮನೆ ಹೆಸರೇ ಇಲ್ಲ. ನನ್ನ ಮಗನಿಗೆ ಅವನ ಅಪ್ಪನ ಹೆಸರು ಬಂತು. ನಮ್ಮಪ್ಪನದು ನನಗೇ ಕೊನೆ."

"ಒಂದು ತಲೆಮಾರಿಗೆ ಮುಗಿಯುತ್ತಾ?" ಅವರು ಮೊದಲ ಸಲ ನಕ್ಕರು. "ನನ್ನದು ನಾಲ್ಕು ತಲೆಮಾರು ಎಳೆದು ನನ್ನಲ್ಲಿ ಮುಗಿಯುತ್ತಿದೆ. ನನಗೆ ಮಕ್ಕಳಿಲ್ಲ. ಅಲ್ಲೇ, ಅಮ್ಮನ ಗೋರಿಯ ಪಕ್ಕದಲ್ಲಿ ಮಲಗಿಸಿದರೆ ಸಾಕು, ಇನ್ನೇನೂ ಬೇಡ."

"ಥಾರ್ನ್‌ಸೈಕ್ ಅಂದರೆ ಅರ್ಥ?"

"ಅದು ಕಲ್ಲು ನೋಡಿದರೆ ಗೊತ್ತಾಗುತ್ತಿತ್ತು," ಎಂದರು. ಅವಳು ಅದನ್ನು ಬರೆದುಕೊಂಡಳು, ಬಿಡಿಸಿ ಕೇಳಲಿಲ್ಲ.

* * *

ಮೊದಲ ಗುಮಾನಿ ಕಂಪನಿಯ ಮೇಲೆ. ಕಲ್ಲು ಹೋದರೆ ಲಾಭ ಯಾರಿಗೆ ಎಂದು ಕೇಳಿದರೆ ಮಗುವೂ ಅವರನ್ನೇ ತೋರಿಸುತ್ತದೆ. ಸೈಟ್ ಮ್ಯಾನೇಜರ್ ಲುಬ್ನಾಳನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ.

"ಹಳದಿ ಪುಡಿಯಾ? ನಾವು ಬಳಸುವುದು ಸ್ಪ್ರೇ ಪೇಂಟ್. ಅದರಲ್ಲೂ ಹಳದಿ ಅಂದರೆ ಗ್ಯಾಸ್ ಪೈಪು. ಅಲ್ಲಿ ಗ್ಯಾಸ್ ಪೈಪೇ ಇಲ್ಲ. ಇನ್ನು ಕಲ್ಲು ಎತ್ತಬೇಕಾದರೆ ನನ್ನ ಹತ್ತಿರ ಲೋಡರ್ ಇದೆ, ಒಂಟಿ ಗಾಲಿ ತಳ್ಳಿಕೊಂಡು ಯಾಕೆ ಹೋಗಲಿ?"

ಉತ್ತರ ಸರಿಯಾಗಿತ್ತು. ಗಾಲಿಯ ಗುರುತು ಮನೆಗಳ ಕಡೆಗೇ ಹೋಗಿತ್ತು.

ಎರಡನೆಯ ಗುಮಾನಿ ರವಿಶಂಕರ್. ಬಡಾವಣೆಯ ಸಂಘದ ಅಧ್ಯಕ್ಷ, ಬೆಂಗಳೂರಿನವರು. ಹಿಂದಿನ ಸಭೆಯಲ್ಲಿ ಗಟ್ಟಿಯಾಗಿ ಕೂಗಾಡಿದ್ದರು. ಮನೆ ಹಿಂದೆ ಸ್ಮಶಾನ ಅಂದರೆ ವಾಸ್ತು ಏನಾಯಿತು, ನಾಳೆ ಮನೆ ಕೊಳ್ಳುವವರು ಯಾರು ಎಂದು. ಅವರ ಗ್ಯಾರೇಜಿನಲ್ಲಿ ಒಂಟಿ ಗಾಲಿಯ ತಳ್ಳುಗಾಡಿ ಇತ್ತು. ಗಾಲಿಗೆ ಮಣ್ಣು ಮೆತ್ತಿತ್ತು.

"ನಾನು ಯಾಕ್ರೀ ಕದೀಲಿ? ನಾನು ಕದ್ದಿದೀನಿ ಅಂತ ಯಾರಾದ್ರೂ ಅಂದ್ರಾ?" ಅವಳು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದನ್ನೇ ಎಂದು ಲುಬ್ನಾಗೆ ಅನ್ನಿಸಿತು.

"ಈ ಗಾಡಿ ಯಾರು ಯೂಸ್ ಮಾಡಿದ್ರು ಅಂಕಲ್?"

"ಇಡೀ ಬಡಾವಣೆಗೆ ಇದೊಂದೇ ಗಾಡಿ. ಗ್ಯಾರೇಜ್ ಕೋಡ್ ಎಲ್ಲರಿಗೂ ಗೊತ್ತು. ನಾನು ಫ್ರೈಡೇನೇ ಹೊರಟು ಫೇರ್‌ಫ್ಯಾಕ್ಸ್‌ಗೆ ಡ್ರೈವ್ ಮಾಡ್ದೆ, ಅಕ್ಕನ ಮಗಳ ಸೀಮಂತ. ಸಂಡೇ ನೈಟ್ ಬಂದಿದ್ದು."

ಡೆಪ್ಯುಟಿ ವಿಚಾರಿಸಿ ನೋಡಿದ. ಸೀಮಂತದ ಫೋಟೊಗಳಲ್ಲೆಲ್ಲ ರವಿಶಂಕರ್ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಆ ಎಳೆಯೂ ತುಂಡಾಯಿತು.

ಸೋಮವಾರವೇ ಅವಳು ಕಾಡಿಗೆ ಬೆನ್ನು ಹಾಕಿದ ಮನೆಗಳ ಬಾಗಿಲೆಲ್ಲ ತಟ್ಟಿದ್ದಳು. ಕೊನೆಯದು ಗುರುರಾಜನ ಮನೆ. ಗುರುರಾಜ ಮೈಸೂರಿನವನು, ಇಲ್ಲಿ ವರ್ಕ್ ವೀಸಾದ ಮೇಲಿದ್ದಾನೆ. ಹೆಂಡತಿ ಶ್ರೀಲತಾ ಆರು ತಿಂಗಳ ಗರ್ಭಿಣಿ. ಹಿಂದೆ ಎರಡು ಸಲ ನಿಂತಿರಲಿಲ್ಲ. ಅವಳ ಆರೈಕೆಗೆಂದು ಗುರುರಾಜನ ತಾಯಿ ರೇಣುಕಾದೇವಿ ಬಂದಿದ್ದರು. ಬಾಗಿಲು ತೆಗೆದದ್ದು ಅವರೇ. ಕೈಯಲ್ಲಿ ಒಂದು ಡಬ್ಬಿ.

"ಸರಿಯಾದ ಹೊತ್ತಿಗೆ ಬಂದೆ ನೋಡು. ತಗೋ, ಚಿಗಳಿ, ತಂಬಿಟ್ಟು. ಹಬ್ಬ ಅಲ್ವಾ ಇವತ್ತು. ನಿನ್ನ ಮಗನಿಗೂ ಕೊಡು."

"ಆಂಟಿ, ಹಿಂದಿನ ಕಾಡಲ್ಲಿ ಹೆಸರು ಕೆತ್ತಿದ್ದ ಒಂದು ಕಲ್ಲಿತ್ತು. ಕಾಣೆಯಾಗಿದೆ. ಯಾರಾದ್ರೂ ತಗೊಂಡು ಹೋಗಿದ್ದು ನೋಡಿದ್ರಾ?"

"ಹೆಸರು ಕೆತ್ತಿದ್ದಾ? ಅಂಥದ್ದು ಇಲ್ಲಮ್ಮ. ನಾನು ನೋಡಿಲ್ಲ."

ಲುಬ್ನಾ ಮನೆಗೆ ಬಂದು ಚಿಗಳಿ ತಿಂದಳು. ಎಳ್ಳು ಬೆಲ್ಲ ಚೆನ್ನಾಗಿ ಹದವಾಗಿತ್ತು.

* * *

ಗುರುವಾರ ಪತ್ರಿಕೆ ಬಂತು. ಮೊದಲ ಪುಟದಲ್ಲಿ ಆಲ್ಟನ್, ಕುಳಿ, ಕಾಡು. ಅದಾದ ಮೇಲೆ ಮೇಲ್‌ಬಾಕ್ಸ್ ಬಳಿ ಗುರುರಾಜ ಸಿಕ್ಕ.

"ಲುಬ್ನಾ, ಆ ಸ್ಟೋನ್ ವಿಷ್ಯ... ಪೊಲೀಸ್ ಕೇಸ್ ಆಗುತ್ತಾ? ಅರೆಸ್ಟ್ ಎಲ್ಲ ಮಾಡ್ತಾರಾ?"

"ಸಮಾಧಿ ಕಲ್ಲು ಕದಿಯೋದು ಇಲ್ಲಿ ಸೀರಿಯಸ್ ಕ್ರೈಮು. ಯಾಕೆ?"

"ಸುಮ್ನೆ ಕೇಳ್ದೆ," ಎಂದವನು ತನ್ನ ಕಾಗದಗಳನ್ನು ತೆಗೆದುಕೊಳ್ಳದೆಯೇ ಹೋದ. ಅವಳಿಗೆ ಏನೂ ಅನ್ನಿಸಲಿಲ್ಲ. ವೀಸಾದವರ ಬಾಯಲ್ಲಿ ಪೊಲೀಸ್ ಎಂಬ ಮಾತು ಬಂದರೆ ಎಲ್ಲರ ಮುಖವೂ ಹಾಗೇ ಆಗುತ್ತದೆ. ಅವಳ ಗಂಡ ಒವೈಸ್ ಟ್ರಾಫಿಕ್ ಟಿಕೆಟ್ ಸಿಕ್ಕರೂ ಎರಡು ದಿನ ಊಟ ಬಿಡುತ್ತಿದ್ದ.

ಮಂಗಳವಾರ ಸಮಿತಿ ಕೂತಿತು. ಕಂಪನಿಯ ವಕೀಲ ಜೋರು ಮಾಡಲಿಲ್ಲ, ವಿನಯದಿಂದಲೇ ಕೇಳಿದ. ಕಲ್ಲೆಲ್ಲಿ? ಯಾರು ಕೆತ್ತಿದ್ದು? ಏನೆಂದು ಕೆತ್ತಿತ್ತು? ಆಲ್ಟನ್ ಎದ್ದು ನಿಂತರು. "ನನ್ನ ಹೆಸರು," ಎಂದರು. ಮತ್ತೆ ಅದನ್ನೇ ಹೇಳಿದರು. ಸಮಿತಿಯವರು ಮುಖಮುಖ ನೋಡಿಕೊಂಡರು. ಸಾಕ್ಷಿ ಇಲ್ಲದೆ ಸಮಾಧಿಭೂಮಿ ಎಂದು ಒಪ್ಪಲಾಗುವುದಿಲ್ಲ, ಅಲ್ಲಿ ಹೊಸದಾಗಿ ಹೂಳುವ ಮಾತೂ ಇಲ್ಲ ಎಂದು ತೀರ್ಮಾನವಾಯಿತು. ಮೆಟ್ಟಿಲು ಇಳಿಯುವಾಗ ಮುದುಕರು ಲುಬ್ನಾಳ ತೋಳು ಹಿಡಿದು ಅಲ್ಲೇ ಕುಸಿದರು.

ಬುಧವಾರ ಆಸ್ಪತ್ರೆಯಲ್ಲಿ ಅವರ ಮೂಗಿಗೆ ನಳಿಕೆ ಇತ್ತು. ಮಾತು ಹೊರಡುತ್ತಿರಲಿಲ್ಲ.

"ಕಲ್ಲಿನ ಮೇಲೆ ಏನೇನು ಬರೆದಿತ್ತು, ನೆನಪಿದೆಯಾ? ಇಸವಿ ಇತ್ತಾ?" ಲುಬ್ನಾ ಬಗ್ಗಿ ಕೇಳಿದಳು.

ಅವರು ಬೆರಳನ್ನು ಹೊದಿಕೆಯ ಮೇಲೆ ಎಳೆದರು. ಮೇಲೆ ಕವಲೊಡೆದ ಗೆರೆ. ಕೆಳಗೆ ಅಂಕುಡೊಂಕಾಗಿ ಇನ್ನೊಂದು ಉದ್ದ ಗೆರೆ. ಪಾಪ, ಬರೆಯಲೂ ಕೈ ನಿಲ್ಲುತ್ತಿಲ್ಲ ಎಂದುಕೊಂಡ ಲುಬ್ನಾ ಆ ಕೈಯನ್ನು ಹಿಡಿದುಕೊಂಡಳು. ಅವರು ಅವಳ ಮುಖ ನೋಡಿ ತಲೆ ಅಲ್ಲಾಡಿಸಿದರು. ಮರುದಿನ ಬೆಳಿಗ್ಗೆ ಹೋಗಿಬಿಟ್ಟರು.

* * *

ಅವರನ್ನು ಊರಾಚೆಯ ಸಾರ್ವಜನಿಕ ಸಮಾಧಿಭೂಮಿಯಲ್ಲಿ ಹೂಳಿದರು. ಸುತ್ತ ಇದ್ದವರೆಲ್ಲ ಅಪರಿಚಿತರು. ಚರ್ಚಿನ ನಾಲ್ಕು ಜನ, ಲುಬ್ನಾ, ದೂರದಲ್ಲಿ ಟೋಪಿ ತೆಗೆದು ನಿಂತ ಡೆಪ್ಯುಟಿ. ಲುಬ್ನಾ ಅತ್ತಳು. ಯಾರೋ ಸಂಬಂಧಿಕಳು ಬಂದಿದ್ದಾಳೆ ಅಂದುಕೊಂಡ ಚರ್ಚಿನ ಹೆಂಗಸೊಬ್ಬಳು ಅವಳನ್ನು ತಬ್ಬಿಕೊಂಡಳು.

ಶ್ರದ್ಧಾಂಜಲಿ ಲೇಖನ ಬರೆಯಬೇಕಿತ್ತು. ಕೊನೆಗಾದರೂ ಹೆಸರಿನ ಅರ್ಥ ಹಾಕೋಣವೆಂದು ಅವಳು ಗ್ರಂಥಾಲಯಕ್ಕೆ ಹೋಗಿ ಇಂಗ್ಲಿಷ್ ಮನೆತನದ ಹೆಸರುಗಳ ದಪ್ಪ ಪುಸ್ತಕ ತೆಗೆದಳು. ಥಾರ್ನ್‌ಸೈಕ್. ಉತ್ತರ ಇಂಗ್ಲೆಂಡಿನಲ್ಲಿ ಎಂದೋ ಹಾಳುಬಿದ್ದ ಒಂದು ಹಳ್ಳಿ. ಥಾರ್ನ್ ಎಂದರೆ ಮುಳ್ಳುಗಿಡ. ಸೈಕ್ ಎಂದರೆ ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಬತ್ತುವ ಸಣ್ಣ ಹಳ್ಳ. ಮುಳ್ಳುಗಿಡಗಳ ಹಳ್ಳ. ನಮ್ಮ ಕಡೆಯ ಜಾಲಿಹಳ್ಳದ ಹಾಗೆ ಒಂದು ಊರು, ಅಷ್ಟೇ. ಆ ಊರೂ ಇಲ್ಲ, ಊರಿಂದ ಹೊರಟವರೂ ಇಲ್ಲ.

ಮುಳ್ಳು. ಹಳ್ಳ.

ಲುಬ್ನಾಳ ಕೈ ಪುಟದ ಮೇಲೆ ನಿಂತಿತು. ಕವಲೊಡೆದ ಗೆರೆ, ಕೆಳಗೆ ಅಂಕುಡೊಂಕು ಗೆರೆ. ಮುದುಕರ ಕೈ ನಡುಗಿರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಅವರು ಬರೆದಿದ್ದರು. ಗುಲಾಮನಾಗಿದ್ದ ಸೈಲಸ್‌ಗೆ ಓದುವುದು ಬರೆಯುವುದು ಯಾರು ಕಲಿಸಿದ್ದರು? ಹೆಸರನ್ನು ಬರೆಯಲು ಬಾರದೆ, ಯಜಮಾನರ ಬಾಯಲ್ಲಿ ಕೇಳಿದ ಅದರ ಅರ್ಥವನ್ನು ಚಿತ್ರವಾಗಿ ಕೆತ್ತಿದ್ದ. ಕಲ್ಲಿನ ಮೇಲೆ ಒಂದು ಅಕ್ಷರವೂ ಇರಲಿಲ್ಲ.

ಅವಳು ಊರೆಲ್ಲ ಕೇಳಿಕೊಂಡು ಬಂದದ್ದು 'ಹೆಸರು ಕೆತ್ತಿದ ಕಲ್ಲು' ಎಂದು. ಇಲ್ಲ ಎಂದವರೆಲ್ಲ ನಿಜವನ್ನೇ ಹೇಳಿದ್ದರು.

ಕಾಡಿನ ಮರದ ಬುಡ. ಸುತ್ತ ಸಣ್ಣ ಸಣ್ಣ ಕಲ್ಲು. ನಡುವೆ ಅಂಕುಡೊಂಕು ಗೆರೆ ಇರುವ ಒಂದು ಕಲ್ಲು. ಎಲೆಯ ಮೇಲೆ ಹಳದಿ. ಸೋಮವಾರ ಚಿಗಳಿ, ತಂಬಿಟ್ಟು. ಮೈಸೂರಿನಲ್ಲಿ ಬೆಳೆದ ಮುಸ್ಲಿಂ ಹುಡುಗಿಗೂ ಅದು ಯಾವ ಹಬ್ಬವೆಂದು ಗೊತ್ತು. ಪಕ್ಕದ ಮನೆಯ ಗೌರಾಬಾಯಿ ಪ್ರತಿ ವರ್ಷ ಅರಳಿಕಟ್ಟೆಗೆ ಹಾಲು ತೆಗೆದುಕೊಂಡು ಹೋಗುವಾಗ ಅವಳೇ ಹಿಂದೆ ಹಿಂದೆ ಓಡುತ್ತಿದ್ದಳು.

* * *

ಗುರುರಾಜನ ಹಿತ್ತಲಲ್ಲಿ, ಬೇಲಿಯ ಪಕ್ಕದ ಗಿಡದ ಬುಡದಲ್ಲಿ ಹುಲ್ಲು ಒಂದು ಗುಂಡಗೆ ಸತ್ತಿತ್ತು. ಹಾಲು ಒಣಗಿದ ಕಲೆ, ಅರಿಸಿನ, ಸಾಲುಗಟ್ಟಿದ ಇರುವೆ. ಕಲ್ಲು ಇರಲಿಲ್ಲ.

"ಇಲ್ಲಿ ನಾಗರಕಲ್ಲು ಇತ್ತಲ್ವಾ ಆಂಟಿ?"

"ಹೂಂ ಕಣಮ್ಮ." ರೇಣುಕಾದೇವಿಯ ಮುಖ ಅರಳಿತು. "ಹಿಂದಿನ ಕಾಡಲ್ಲಿ ಸಿಕ್ತು. ಈ ದೇಶದಲ್ಲೂ ನಾಗಪ್ಪ ಇದ್ದಾನೆ ನೋಡು! ಮೇಲೆ ಹೆಡೆ ಬಿಚ್ಚಿದ ಹಾಗೆ, ಕೆಳಗೆ ಮೈ. ಅಲ್ಲಿ ಬುಲ್ಡೋಜರ್ ತಂದು ನಿಲ್ಲಿಸಿದ್ರು, ನುಗ್ಗಿಸಿ ಪುಡಿ ಮಾಡ್ತಾರೆ ಅಂತ ಹೊಟ್ಟೆ ಉರೀತು. ಅರಿಸಿನ ಹಾಕಿ, ತಪ್ಪು ಮನ್ನಿಸಪ್ಪಾ ಅಂತ ಬೇಡ್ಕೊಂಡು ನಾನೇ ಗಾಡೀಲಿ ತಳ್ಕೊಂಡು ಬಂದೆ. ಪಂಚಮಿಗೆ ಹಾಲೆರೆದೆ. ಶ್ರೀಲತಂಗೆ ಈ ಸಲ ನಿಂತಿದೆಯಲ್ಲ, ಅದು ಅವನ ಕಣ್ಣಿಗೆ ಬಿದ್ದಿರ್ಲಿ ಅಂತ."

"ಈಗ ಎಲ್ಲಿದೆ?"

"ಗುರು ಗ್ಯಾರೇಜಲ್ಲಿ ಇಟ್ಟಿದ್ದಾನೆ. ಬಿಸಿಲಿಗೆ ಕಲ್ಲು ಒಡೆಯುತ್ತೆ ಅಂದ."

"ಯಾವತ್ತಿಂದ ಆಂಟಿ?"

"ನಿನ್ನ ಪೇಪರ್ ಬಂತಲ್ಲ, ಅವತ್ತು ಸಾಯಂಕಾಲ."

ಗುರುರಾಜ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಶ್ರೀಲತಾ. ಓಡಿಹೋಗಲು ಜಾಗವಿರಲಿಲ್ಲ, ಅವನು ಓಡುವ ಮನುಷ್ಯನೂ ಅಲ್ಲ.

"ಆಂಟಿಗೆ ಗೊತ್ತಿರ್ಲಿಲ್ಲ," ಎಂದಳು ಲುಬ್ನಾ. "ನಿಮಗೆ ಗೊತ್ತಿತ್ತು, ಗುರು. ಪೇಪರಲ್ಲಿ ಕಾಡಿನ ಫೋಟೊ ನೋಡಿದ್ರಿ. ಅಮ್ಮ ಕಲ್ಲು ತಂದ ಜಾಗ ಅದೇ ಅಂತ ಗೊತ್ತಾಯ್ತು. ಕೇಸ್ ಆಗುತ್ತಾ ಅಂತ ನನ್ನನ್ನೇ ಕೇಳಿದ್ರಿ. ಸಾಯಂಕಾಲ ಕಲ್ಲು ಒಳಗೆ ಹೋಯ್ತು."

"ಏನು ಮಾಡ್ಲಿ ಲುಬ್ನಾ?" ಎಂದ ಗುರುರಾಜ. "ಗ್ರೀನ್ ಕಾರ್ಡ್ ಇನ್ನೂ ಅಪ್ಲೈ ಆಗಿಲ್ಲ. ಪೊಲೀಸ್ ರೆಕಾರ್ಡ್ ಆದ್ರೆ ಮುಗೀತು. ಅಮ್ಮನಿಗೆ ಬೇಡಿ ಹಾಕ್ಬಿಟ್ರೆ? ಇವಳಿಗೆ ಈ ಟೈಮಲ್ಲಿ ಟೆನ್ಷನ್ ಕೊಡೋದಾ? ಸ್ವಲ್ಪ ದಿನ ಬಿಟ್ಟು ಯಾರಿಗೂ ಕಾಣದ ಹಾಗೆ ವಾಪಸ್ ಇಟ್ಬಿಡೋಣ ಅಂತಿದ್ದೆ. ಸುಳ್ಳಲ್ಲ, ನನ್ನಾಣೆ."

"ಆ ಸ್ವಲ್ಪ ದಿನಾನೇ ಅವರಿಗೆ ಬೇಕಿದ್ದಿದ್ದು. ಮಂಗಳವಾರ ಕಲ್ಲು ಇದ್ದಿದ್ರೆ ಅವರು ಅಮ್ಮನ ಪಕ್ಕದಲ್ಲಿರ್ತಿದ್ರು."

ರೇಣುಕಾದೇವಿ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡುತ್ತಿದ್ದರು. "ಯಾರಮ್ಮ? ಯಾರ ವಿಷ್ಯ? ಏನಾಯ್ತು?"

ಲುಬ್ನಾ ಹೇಳಿದಳು. ಕನ್ನಡದಲ್ಲಿ, ನಿಧಾನವಾಗಿ, ಏನನ್ನೂ ಮುಚ್ಚದೆ. ಮುಳ್ಳು, ಹಳ್ಳ, ಮಾರಿಹೋದ ತಂಗಿ, ಕಾದ ಅಣ್ಣ, ಆಲ್ಟನ್. ಕೇಳುತ್ತ ಕೇಳುತ್ತ ರೇಣುಕಾದೇವಿ ಹುಲ್ಲಿನ ಮೇಲೆ ಕುಳಿತರು.

"ಗೋರಿ ಕಲ್ಲಾ? ಯಾರದೋ ತಾಯಿ ತಲೆ ಮೇಲಿನ ಕಲ್ಲಾ?" ಅವರು ಮಗನನ್ನು ನೋಡಿದರು. "ನಿಂಗೆ ಗೊತ್ತಿತ್ತೇನೋ? ಗೊತ್ತಿದ್ದೂ ದಿನಾ ಹೂ ತಂದು ಕೊಟ್ಯಾ ನನ್ನ ಕೈಗೆ?"

ಶ್ರೀಲತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿ ಅಳುತ್ತಿದ್ದಳು.

"ಡೆಪ್ಯುಟೀನ ಕರಿ ಲುಬ್ನಾ," ಎಂದ ಗುರುರಾಜ ಕೊನೆಗೆ. "ನಾನೇ ಹೇಳ್ತೀನಿ."

* * *

ಹೇಳಿದ. ಮುಚ್ಚಿಟ್ಟವನು ನಾನು, ಅಮ್ಮನಿಗೆ ಏನೂ ತಿಳಿಯದು ಎಂದು ಬರೆದು ಸಹಿ ಹಾಕಿದ. ಅವನ ಮೇಲೆ ಕೇಸಾಯಿತು. ಗ್ರೀನ್ ಕಾರ್ಡಿನ ವಿಷಯ ಏನಾಗುತ್ತದೋ ವಕೀಲನಿಗೂ ಗೊತ್ತಿಲ್ಲ. ಕಲ್ಲು ಮರಳಿ ತನ್ನ ಕುಳಿಗೆ ಬಂತು. ಸಮಿತಿ ಮತ್ತೆ ಕೂತು, ಅದು ಸಮಾಧಿಭೂಮಿ ಎಂದು ಒಪ್ಪಿಕೊಂಡಿತು. ಕಂಪನಿ ತಕರಾರು ಮಾಡದೆ ಕೊಳವನ್ನು ಬೇರೆ ಕಡೆಗೆ ಸರಿಸಿತು. ಎಲ್ಲವೂ ಆಲ್ಟನ್ ಕೇಳಿದ ಹಾಗೇ ಆಯಿತು, ಆಲ್ಟನ್ ಒಬ್ಬರನ್ನು ಬಿಟ್ಟು.

ಅವರನ್ನು ಅಲ್ಲಿಂದ ಎತ್ತಿ ಇಲ್ಲಿಗೆ ತರಬೇಕಿತ್ತು. ಖರ್ಚೆಲ್ಲ ನನ್ನದು ಎಂದು ಗುರುರಾಜ ಮುಂದೆ ಬಂದ. ಲುಬ್ನಾ ಅವನನ್ನು ಕರೆದುಕೊಂಡು ಸಾರ್ವಜನಿಕ ಸಮಾಧಿಭೂಮಿಯ ಕಚೇರಿಗೆ ಹೋದಳು. ರೇಣುಕಾದೇವಿ ಹಟ ಹಿಡಿದು ಜೊತೆಗೆ ಬಂದರು, ಆದರೆ ಒಳಗೆ ಬರಲು ಧೈರ್ಯ ಸಾಲದೆ ಕಾರಿನಲ್ಲೇ ಕುಳಿತರು.

"ಹತ್ತಿರದ ಸಂಬಂಧಿಯ ಒಪ್ಪಿಗೆ ಬೇಕು," ಎಂದಳು ಕಿಟಕಿಯ ಹಿಂದಿನ ಹೆಂಗಸು. ಅವಳ ದನಿ ಮೆತ್ತಗಿತ್ತು. "ಅವರ ಕಡೆಯವರು ಯಾರಿದ್ದಾರೆ?"

ಲುಬ್ನಾ ಹುಡುಕಿದ್ದಳು. ಆ ಹೆಸರಿನ ನಂಬರುಗಳು ಸಿಕ್ಕಿದ್ದೇ ಕೆಲವು, ಹೆಚ್ಚಿನವು ಸತ್ತುಹೋಗಿದ್ದವು. ಜಾರ್ಜಿಯಾದ ಡುಲುತ್‌ನಲ್ಲಿ ಒಬ್ಬಳು ಫೋನ್ ಎತ್ತಿದ್ದಳು. ಜಾರ್ಜಿಯಾಕ್ಕೆ ಮಾರಿದ ತಂಗಿಯ ಕಡೆಯವಳೇನೋ ಎಂದು ಲುಬ್ನಾ ಅಂದುಕೊಂಡಿದ್ದಳು. "ಅದು ನನ್ನ ಮಾಜಿ ಗಂಡನ ಹೆಸರು," ಎಂದಿದ್ದಳು ಆಕೆ. "ಅವನು ಕೋವಿಡ್‌ನಲ್ಲಿ ಹೋದ. ನಾನೂ ಹೆಸರು ಬದಲಾಯಿಸಿಕೊಂಡೆ. ಸ್ಪೆಲ್ಲಿಂಗ್ ಹೇಳಿ ಹೇಳಿ ಸಾಕಾಗಿತ್ತು."

"ಯಾರೂ ಇಲ್ಲ," ಎಂದಳು ಲುಬ್ನಾ.

"ನಾನು ಹಾಕ್ತೀನಿ ಸಹಿ," ಎಂದ ಗುರುರಾಜ. "ನನ್ನಿಂದ ಆಗಿದ್ದು. ನಾನು ಹಾಕಬಹುದಾ?"

ಹೆಂಗಸು ಅವನನ್ನು ಬಹಳ ಹೊತ್ತು ನೋಡಿದಳು. "ನೀವು ಅವರಿಗೆ ಏನಾಗಬೇಕು?"

ಗುರುರಾಜ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟ. ಅವಳು ಅರ್ಜಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

ಕಾರಿನ ಬಾಗಿಲು ತೆರೆದಾಗ ರೇಣುಕಾದೇವಿ ಇಬ್ಬರ ಮುಖವನ್ನೂ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾರು ರಸ್ತೆಗೆ ಬಂದ ಮೇಲೆ ಕೇಳಿದರು.

"ಹಾಗಾದ್ರೆ ಅವ್ರು ಅಲ್ಲೇ ಇರ್ತಾರಾ? ಒಬ್ರೇ?"

"ಹೌದು ಆಂಟಿ," ಎಂದಳು ಲುಬ್ನಾ.